ಮನೆಯಲ್ಲಿಯೇ ಸೀಗೆಪುಡಿ: ದಂಪತಿಗಳಿಗೊಂದು ಪಾಠ

ದಂಪತಿಗಳೇ, ತಲೆಗೂದಲಿನ ಶುಚಿತ್ವವು ಆರೋಗ್ಯದ ಒಂದು ಅಂಗ. ಇದಕ್ಕಾಗಿ ಪೇಟೆಯ ಶಾಂಪೂವನ್ನೇ ಕೊಳ್ಳಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ಗಿರಿನಗರದವರು ಸಮೀಪದ ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ಹಣ ತೆತ್ತು ಕೊಳ್ಳುವ ಸೀಗೆಕಾಯಿ, ಅಂಟುವಾಳಗಳು ಬೆಳೆಯುವುದು ಕಾಡಂಚಿನ ಹಳ್ಳಿಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇವನ್ನು ಕಾಡಿನಿಂದ ಆಯ್ದು ತರುವ ವಾಡಿಕೆ ಬಹು ಹಿಂದಿನದು.

ನೊರೆ ಬರುವುದೇಕೆ?
ಈ ಕಾಯಿಗಳಲ್ಲಿ ಸಪೋನಿನ್ ಎಂಬ ಸತ್ವವಿದೆ. ಅದು ನೀರಿನಲ್ಲಿ ನೊರೆಯೆದ್ದು, ಜಿಡ್ಡನ್ನೂ ಕೊಳೆಯನ್ನೂ ಸಡಿಲಗೊಳಿಸುತ್ತದೆ. ಮೆಂತ್ಯ ಹಾಗೂ ದಾಸವಾಳದ ಎಲೆಯ ಲೋಳೆಯು ಕೂದಲನ್ನು ನಯವಾಗಿಸುತ್ತದೆ.

ಬೇಕಾಗುವ ಸಾಮಗ್ರಿ
ಸೀಗೆಕಾಯಿ 500 ಗ್ರಾಂ, ಬೀಜ ತೆಗೆದ ಅಂಟುವಾಳ 50 ಗ್ರಾಂ, ಮೆಂತ್ಯ 100 ಗ್ರಾಂ, ಹೆಸರುಕಾಳು 100 ಗ್ರಾಂ, ನೆರಳಿನಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ.

ತಯಾರಿಸುವ ಕ್ರಮ
1. ಕಾಯಿ, ಕಾಳುಗಳನ್ನು ಎರಡು ಮೂರು ದಿನ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿರಿ.
2. ಎಲ್ಲವನ್ನೂ ಕುಟ್ಟಿ ಪುಡಿಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಘಾಟು ಮೂಗಿಗೆ ಏರದಂತೆ ವಸ್ತ್ರ ಕಟ್ಟಿಕೊಳ್ಳಿರಿ. ಗರ್ಭಿಣಿಯಿಂದ ಕುಟ್ಟಿಸದೆ ಈ ಕೆಲಸವನ್ನು ಪತಿಯೇ ವಹಿಸಿಕೊಳ್ಳುವುದು ಉಚಿತ.
3. ಒಣಗಿದ ಡಬ್ಬಿಯಲ್ಲಿ ತುಂಬಿ, ಒದ್ದೆ ಕೈ ತಗಲಿಸದೆ, ಮಕ್ಕಳಿಗೆ ಎಟುಕದಂತೆ ಇಡಿರಿ.

ಬಳಸುವಾಗ ಎರಡು ಮೂರು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಅಥವಾ ತಿಳಿಗಂಜಿಯಲ್ಲಿ ಕಲಸಿ, ಆರಿದ ನಂತರ ಹಚ್ಚಿ, ಚೆನ್ನಾಗಿ ತೊಳೆಯಿರಿ. ಕಲಸಿದ್ದನ್ನು ಅಂದೇ ಮುಗಿಸತಕ್ಕದ್ದು. ಉಳಿಸಿದರೆ ಹುಳಿಯಾಗಿ ಕೆಡುತ್ತದೆ.

ಕಣ್ಣಿನ ಬಗ್ಗೆ ಎಚ್ಚರ
ಸೀಗೆನೀರು ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗುತ್ತದೆ. ಕೂಡಲೇ ರೆಪ್ಪೆ ಬಿಡಿಸಿ, ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಹರಳೆಣ್ಣೆಯನ್ನಾಗಲಿ ಎದೆಹಾಲನ್ನಾಗಲಿ ಹಾಕಬೇಡಿರಿ. ಉರಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹಸುಗೂಸಿನ ತಲೆಗೆ ಈ ಪುಡಿ ಬೇಡ.

ಪುಡಿಯಿಂದ ಆಗದ ಕೆಲಸ
ಸೀಗೆಪುಡಿ ಕೊಳೆಯನ್ನು ತೆಗೆಯುತ್ತದೆಯೇ ಹೊರತು ರೋಗವನ್ನಲ್ಲ. ಹೇನಿಗೆ ಒದ್ದೆ ಕೂದಲನ್ನು ಸೀರಣಿಗೆಯಿಂದ ಪದೇ ಪದೇ ಬಾಚಬೇಕು. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿಗಳನ್ನು ತಲೆಗೆ ಹಚ್ಚುವುದು ಪ್ರಾಣಾಪಾಯ.

ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಬಾಣಂತಿಯ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಇದು ಸಹಜ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಸರಿಹೋಗುತ್ತದೆ. ಆದರೆ ಆಯಾಸ, ಏದುಸಿರು, ಬಿಳಿಚಿಕೊಂಡ ಕಣ್ಣು ಇವೂ ಕಂಡರೆ ರಕ್ತಹೀನತೆ ಇರಬಹುದು. ಆಗ ಪುಡಿ ಬದಲಾಯಿಸುತ್ತ ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸಿರಿ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ಅನಂತರವೂ 180 ದಿನ, ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆ ಸೇವಿಸತಕ್ಕದ್ದು. ಇದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಸೊಪ್ಪು, ಕಾಳುಗಳನ್ನು ನಿಲ್ಲಿಸಬೇಡಿರಿ. ಶಾಂಪೂವಿನಲ್ಲಿ ಉಳಿದ ಹಣ ಆಕೆಯ ಊಟದ ತಟ್ಟೆಗೆ ಸಲ್ಲಲಿ.

ಉತ್ತರಿಸಿರಿ
1. ಸೀಗೆಕಾಯಿ ಕೊಳೆಯನ್ನು ಹೇಗೆ ತೆಗೆಯುತ್ತದೆ?
2. ಸೀಗೆನೀರು ಕಣ್ಣಿಗೆ ಬಿದ್ದರೆ ಏನು ಮಾಡುವಿರಿ?
3. ಬಾಣಂತಿಯ ಕೂದಲು ಉದುರುವಾಗ ಪತಿಯ ಕರ್ತವ್ಯವೇನು?