ಸೋಲಿಗರು, ಕಾಡು, ಹಕ್ಕು: ಪರೀಕ್ಷಾ ಟಿಪ್ಪಣಿ
1. ನೆಲೆ: ಬಿಳಿಗಿರಿರಂಗನಬೆಟ್ಟ, ಚಾಮರಾಜನಗರ ಜಿಲ್ಲೆ. ಪವಿತ್ರ ಮರ: ದೊಡ್ಡ ಸಂಪಿಗೆ.
2. ಅರಣ್ಯ ಹಕ್ಕು ಕಾಯ್ದೆ: 2006.
3. 2011: ಹುಲಿ ಮೀಸಲು ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದ ದೇಶದ ಮೊದಲ ಬುಡಕಟ್ಟು ಸೋಲಿಗರು. ಬಹಳ ಮುಖ್ಯ, ಬಾಯಿಪಾಠವಿರಲಿ.
4. ತರಗು ಬೆಂಕಿ: ಒಣ ತರಗೆಲೆಗೆ ಸಕಾಲದಲ್ಲಿ ಇಡುವ ಸಣ್ಣ ಬೆಂಕಿ. ಇದು ನಿಂತ ಮೇಲೆ ಲಂಟಾನ ಕಳೆ ಕಾಡನ್ನು ಆವರಿಸಿತು ಎಂಬುದು ಸೋಲಿಗರ ಅನುಭವ. ಕಾಡಿನ ಪಾಠ ಹೇಳಲು ಇವರಿಗಿಂತ ಅರ್ಹರಿಲ್ಲ.
5. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ: ಸ್ಥಾಪನೆ 1981, ಸ್ಥಾಪಕರು ಡಾ. ಎಚ್. ಸುದರ್ಶನ್.

ಗೊಂದಲ ಬೇಡ:
• ಬಂಡೀಪುರ, ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳು. ಬಿಳಿಗಿರಿ ವನ್ಯಜೀವಿ ಧಾಮ.
• ರಾಜ್ಯದ ವಿಶೇಷ ದುರ್ಬಲ ಬುಡಕಟ್ಟುಗಳು ಜೇನುಕುರುಬ ಮತ್ತು ಕೊರಗ; ಸೋಲಿಗರಲ್ಲ.

ಹೋಲಿಕೆ: ಆಸ್ಟ್ರೇಲಿಯಾದ ಉಲುರು ಬಂಡೆ ಮೂಲನಿವಾಸಿ ಅನಂಗು ಜನರಿಗೆ ಮರಳಿದ್ದು 1985, ಬಂಡೆ ಹತ್ತುವುದು ನಿಂತಿದ್ದು 2019.