ಸಭೆ ಮುಗಿದ ಮೇಲಿನ ಮಾತು

ಮಾನ್ಯ ಉಪನ್ಯಾಸಕಿಯವರೆ,

ಲೈಂಗಿಕ ಹಾಗೂ ಕೌಟುಂಬಿಕ ಹಿಂಸೆಯನ್ನು ಕುರಿತು ನೀವು ಸಿಂಧನೂರಿನ ಕಾಲೇಜಿನಲ್ಲಿ ನಡೆಸಲಿಚ್ಛಿಸಿರುವ ಸಭೆಗೆ ಮಸ್ಕಿ, ಲಿಂಗಸುಗೂರುಗಳ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿನಿಯರೂ ಕೂಡುವರೆಂದು ಬರೆದಿರುವುದರಿಂದ, ಸಂಜೆಯ ಬಸ್ಸಿಗೆ ಮೊದಲೇ ಅದು ಮುಗಿಯಲಿ. ಹಾರತುರಾಯಿಗಳಲ್ಲಿ ಎಷ್ಟು ಕಾರ್ಪಣ್ಯ ತೋರಿದರೂ ದೋಷವಿಲ್ಲ.

ನಿಮ್ಮ ನಿಜವಾದ ಅಳುಕು, ಭಾಷಣಾನಂತರ ಒಬ್ಬಳು ಬಳಿಸಾರಿ ತನ್ನ ಸಂಕಟವನ್ನು ತೋಡಿಕೊಂಡರೆ ಏನು ಮಾಡತಕ್ಕದ್ದೆಂಬುದು. ಮೊದಲು ಕೇಳಿರಿ, ಸಾಕ್ಷ್ಯವನ್ನು ಶೋಧಿಸುವ ನ್ಯಾಯಾಧೀಶರಾಗಬೇಡಿರಿ. ಯಾರಿಗೂ ಹೇಳೆನೆಂಬ ವಾಗ್ದಾನವನ್ನು ಮಾತ್ರ ಕೊಡಲಾಗದು. ಏಕೆಂದರೆ ಆಕೆಗೆ 18 ತುಂಬದಿದ್ದು, ಸಂಗತಿಯು ಲೈಂಗಿಕ ದೌರ್ಜನ್ಯವಾಗಿದ್ದರೆ, 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ವರದಿಮಾಡುವುದು ಅದನ್ನರಿತವರ ಕರ್ತವ್ಯವಾಗಿರುವುದು. ಇದನ್ನು ವೇದಿಕೆಯಿಂದಲೇ ಮುಂಚಿತವಾಗಿ ತಿಳಿಸುವುದು ಪ್ರಾಮಾಣಿಕತೆ. ವಯಸ್ಕಳಾದರೆ ನಿರ್ಧಾರ ಅವಳದು.

ಮನೆಯೊಳಗಿನ ಹಿಂಸೆಯೆಂದರೆ ಬರಿಯ ಹೊಡೆತವಲ್ಲ. ನಿಂದೆಯನ್ನೂ ಹಣದ ನಿರ್ಬಂಧವನ್ನೂ ಕೌಟುಂಬಿಕ ಹಿಂಸೆಯನ್ನು ಕುರಿತ 2005ರ ಕಾಯಿದೆಯು ಒಳಗೊಂಡಿದೆ. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದರ ಸಂರಕ್ಷಣಾಧಿಕಾರಿ. ಉಚಿತ ಕಾನೂನು ನೆರವಿಗೆ ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲ. ಮನೆಯ ಮಾತನ್ನು ಬೀದಿಗೆ ತರಬಾರದೆಂಬ ಹಿರಿಯರ ಉಪದೇಶವು ಹೊಡೆವವನಿಗಲ್ಲದೆ ಮತ್ತಾರಿಗೂ ಉಪಕರಿಸಿದ್ದನ್ನು ನಾನು ಕಾಣೆ. ಕರಪತ್ರವನ್ನು ಹಂಚಬೇಡಿರಿ, ಚೀಲವನ್ನು ಶೋಧಿಸುವ ಮನೆಗಳಿವೆ. ಮಹಿಳಾ ಸಹಾಯವಾಣಿ 181ನ್ನು ಬಾಯಿಪಾಠ ಮಾಡಿಸಿರಿ.

ಕಾಲೇಜಿನೊಳಗಿನ ಲೈಂಗಿಕ ಕಿರುಕುಳದ ಲಿಖಿತ ದೂರು ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ ಆಂತರಿಕ ಸಮಿತಿಗೆ ಸಲ್ಲಬೇಕು. ಆ ಸಮಿತಿಯು ಕಾಗದದ ಮೇಲೆ ಮಾತ್ರವಿದ್ದು ಸದಸ್ಯರ ಹೆಸರುಗಳು ಸೂಚನಾಫಲಕದಲ್ಲಿಲ್ಲದಿದ್ದರೆ, ಪ್ರಾಂಶುಪಾಲರಿಗೆ ಬರೆದು ಅದನ್ನು ಸರಿಪಡಿಸುವವರೆಗೆ ಸಭೆಯನ್ನೇ ಮುಂದೂಡಿರಿ.