ಎಲೆಯ ಮೇಲೆ ಕೂತರೆ ಸಾಲದು, ತಿನ್ನಬೇಕು

ಪ್ರಶ್ನೆ: ಮಳೆಕಾಡಿನಲ್ಲಿ ನೂರಾರು ಬಗೆಯ ಕಂಬಳಿಹುಳುಗಳಿರುತ್ತವೆ. ಯಾವ ಹುಳುವಿಗೆ ಯಾವ ಗಿಡ ಆಹಾರ ಎಂದು ಪತ್ತೆ ಮಾಡುವುದು ಹೇಗೆ? ಯಾವ ಎಲೆಯ ಮೇಲೆ ಕೂತಿದೆ ಎಂದು ನೋಡಿದರೆ ಸಾಲದೇ?

ಉತ್ತರ: ಸಾಲದು. ಎಲೆಯ ಮೇಲೆ ಸಿಕ್ಕ ಹುಳು ಮೇಲಿನ ಕೊಂಬೆಯಿಂದ ಉದುರಿರಬಹುದು, ಕೋಶ ಕಟ್ಟಲು ಜಾಗ ಹುಡುಕುತ್ತ ಹೊರಟಿರಬಹುದು, ಇಲ್ಲವೇ ಎಲೆಯ ಗೊಡವೆಗೇ ಹೋಗದೆ ಅದರ ಮೇಲಿನ ಪಾಚಿಯನ್ನಷ್ಟೇ ಮೇಯುತ್ತಿರಬಹುದು. ಮರ, ಬಳ್ಳಿ, ಬಂದಳಿಕೆ ಎಲ್ಲ ಹೆಣೆದುಕೊಂಡ ಕಾಡಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು.

ಪಪುವಾ ನ್ಯೂಗಿನಿಯ ಮಡಾಂಗ್ ಸುತ್ತಲಿನ ತಗ್ಗುನೆಲದ ಮಳೆಕಾಡಿನಲ್ಲಿ ಚೆಕ್ ವಿಜ್ಞಾನಿ ವೊಯ್ಟೆಕ್ ನೊವೊಟ್ನಿ ಮತ್ತು ಸಂಗಡಿಗರು ಹಿಡಿದ ದಾರಿ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಯಾವ ಮರದಲ್ಲಿ ಹುಳು ಸಿಕ್ಕಿತೋ ಅದೇ ಮರದ ತಾಜಾ ಎಲೆಯ ಜೊತೆ ಅದನ್ನು ಡಬ್ಬಿಗೆ ಬಿಡುತ್ತಾರೆ. ಬೇರೆ ಎಲೆ ಇಲ್ಲ. ಎಲೆಯಂಚು ಕತ್ತರಿಸಿಹೋಗಿ ತಳದಲ್ಲಿ ಹಿಕ್ಕೆ ಬಿದ್ದಿದ್ದರೆ ಹುಳು ಲೆಕ್ಕಕ್ಕೆ ಬಂತು. ಮುಟ್ಟದೆ ಕೂತರೆ ಪಟ್ಟಿಯಿಂದ ಹೊರಗೆ. ತಿಂದವನ್ನು ರೆಕ್ಕೆ ಮೂಡುವವರೆಗೂ ಸಾಕುತ್ತಾರೆ, ಏಕೆಂದರೆ ಮರಿಹುಳುವನ್ನು ನೋಡಿ ಹೆಸರು ಹೇಳುವುದು ಕಷ್ಟ. ಅದು ವೇಷ ಬದಲಿಸುತ್ತದೆ. ನಮ್ಮ ಹಿತ್ತಲಿನ ಕರಿಬೇವಿನ ಹುಳುವನ್ನೇ ನೋಡಿ: ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ, ಕೊನೆಯ ಸಲ ಪೊರೆ ಕಳಚಿದ ಮೇಲೆ ಅಪ್ಪಟ ಎಲೆಹಸಿರು. ಗೊತ್ತಿಲ್ಲದವರು ಎರಡು ಜಾತಿ ಎಂದೇ ಬರೆದುಕೊಂಡಾರು. ಕೆಲವೊಮ್ಮೆ ಚಿಟ್ಟೆಗೋ ಪತಂಗಕ್ಕೋ ಕಾದು ಕೂತರೆ ಪರಾವಲಂಬಿ ಕಣಜ ಹೊರಬರುತ್ತದೆ; ಅದನ್ನೂ ಬರೆದಿಡುತ್ತಾರೆ.

ಹುಳು ಹುಡುಕುವ, ಸಾಕುವ ಕೆಲಸದ ಬಹುಪಾಲು ಅಲ್ಲಿನ ಹಳ್ಳಿಗರದು. ಬಿನಾಟಾಂಗ್ ಸಂಶೋಧನಾ ಕೇಂದ್ರದಲ್ಲಿ ತರಬೇತಿ ಪಡೆದ ಇವರು ಆ ಕಾಡಿನಲ್ಲೇ ಬೆಳೆದವರು. ಪ್ರಬಂಧಗಳ ತಲೆಬರಹಕ್ಕಿಂತ ಇವರ ಕಣ್ಣಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಇಷ್ಟು ಪರದಾಟ ಯಾಕೆ ಎನ್ನುತ್ತೀರಾ? ಭೂಮಿಯ ಮೇಲೆ ಎಷ್ಟು ಬಗೆಯ ಕೀಟಗಳಿವೆ ಎಂಬ ಅಂದಾಜೇ ಇದರ ಮೇಲೆ ನಿಂತಿದೆ. 1982ರಲ್ಲಿ ಪ್ರಕಟವಾದ ಲೆಕ್ಕವೊಂದಕ್ಕಾಗಿ ಕೀಟವಿಜ್ಞಾನಿ ಟೆರ್ರಿ ಅರ್ವಿನ್ ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳಿಗೆ ಕೀಟನಾಶಕದ ಹೊಗೆ ಹಾಕಿ, ಉದುರಿದ ಜೀರುಂಡೆಗಳನ್ನು ಎಣಿಸಿದರು. ಅವುಗಳಲ್ಲಿ 163 ಪ್ರಭೇದಗಳು ಆ ಮರಕ್ಕೇ ಅಂಟಿಕೊಂಡವು ಎಂದು ಊಹಿಸಿ, ಉಷ್ಣವಲಯದ 50,000 ಜಾತಿಯ ಮರಗಳಿಗೆ ಗುಣಿಸಿದರು. ಉಳಿದ ಕೀಟ, ಜೇಡ ಮುಂತಾದವನ್ನೂ ಅಂದಾಜಿಸಿ ಸೇರಿಸಿದಾಗ ಕೊನೆಗೆ ಬಂದ ಮೊತ್ತ 3 ಕೋಟಿ ಸಂಧಿಪದಿ ಪ್ರಭೇದಗಳು! ಇಡೀ ಲೆಕ್ಕದ ಕೀಲು ಆ ಊಹೆಯಲ್ಲಿತ್ತು.

ನೊವೊಟ್ನಿ ತಂಡ 51 ಜಾತಿಯ ಸಸ್ಯಗಳಲ್ಲಿ 900ಕ್ಕೂ ಹೆಚ್ಚು ಸಸ್ಯಾಹಾರಿ ಕೀಟ ಪ್ರಭೇದಗಳನ್ನು ಪರೀಕ್ಷಿಸಿ ಕಂಡದ್ದೇ ಬೇರೆ. ಹೆಚ್ಚಿನವು ಒಂದೇ ಮರಕ್ಕೆ ಜೋತುಬಿದ್ದವಲ್ಲ. ಹತ್ತಿರದ ಸಂಬಂಧದ ಹಲವು ಗಿಡಗಳನ್ನು ತಿನ್ನುತ್ತವೆ. ಅತ್ತಿ-ಆಲಗಳ ಕುಲದಂತೆ ಒಂದೇ ಕುಲದ ಹತ್ತಾರು ಜಾತಿಗಳು ಒಟ್ಟಿಗೆ ಬೆಳೆಯುವ ಕಾಡಿನಲ್ಲಿ ಹುಳುವಿಗೆ ಒಂದೇ ಜಾತಿಗೆ ಕಟ್ಟುಬೀಳುವ ಅಗತ್ಯವಾದರೂ ಏನು? 2002ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಸಂಧಿಪದಿಗಳ ಅಂದಾಜನ್ನು 40ರಿಂದ 60 ಲಕ್ಷಕ್ಕೆ ಇಳಿಸಿತು.

ಹಾಗಾದರೆ ಮಳೆಕಾಡಿನಲ್ಲಿ ಕೀಟಗಳ ಬಗೆ ಅಷ್ಟು ಹೆಚ್ಚೇಕೆ? 2006ರಲ್ಲಿ ಇದೇ ತಂಡ ನ್ಯೂಗಿನಿಯ ಮರಗಳನ್ನು ಚೆಕ್ ದೇಶದ ಮೊರಾವಿಯಾದ ಮರಗಳೊಂದಿಗೆ ಹೋಲಿಸಿತು. 100 ಚದರ ಮೀಟರ್ ಎಲೆಗೆ ಮೊರಾವಿಯಾದಲ್ಲಿ ಸರಾಸರಿ 29 ಎಲೆತಿನ್ನುವ ಪ್ರಭೇದಗಳಾದರೆ ನ್ಯೂಗಿನಿಯಲ್ಲಿ 23.5. ವ್ಯತ್ಯಾಸ ಅಷ್ಟೇ. ಒಂದೊಂದು ಮರದ ಪಂಕ್ತಿಯೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಆದರೆ ನ್ಯೂಗಿನಿಯಲ್ಲಿ ಮರಗಳ ಬಗೆಯೇ ಹೆಚ್ಚು, ಅದಕ್ಕೇ ಕೀಟಗಳ ಬಗೆಯೂ ಹೆಚ್ಚು.